ಕಣ್ಣು ನೋಡಲು ಹೋಗಿ ಬೆಡಗು ಕೇಳಿದ್ದು

ಕಣ್ಣು ಪರೀಕ್ಷಿಸುವ ನಮ್ಮಂಥವರಿಗೆ ಫಜೀತಿಯೆಲ್ಲ ಕಿವಿಯಿಂದಲೇ. ನಾವು ಹೇಳುವುದೊಂದು, ಎದುರಿನವರಿಗೆ ಕೇಳುವುದೊಂದು.

ಗ್ಲಾಕೋಮಾ ನೋವಿಲ್ಲದೆ ಬರುವ ಕಣ್ಣಿನ ರೋಗ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ. ಕಣ್ಣಿನ ನರಕ್ಕೆ ರಕ್ತ ಹರಿಯುವ ರೀತಿ ಎಲ್ಲ ಮೂಲದವರಲ್ಲೂ ಒಂದೇ ಥರವೋ, ಬೇರೆಬೇರೆಯೋ ಎಂದು ನಮ್ಮ ಡಾಕ್ಟರು ಊರೂರು ನೋಡಲು ಹೊರಟರು. ಮನೆತನ ಕೇಳುವ ಕೆಲಸ ನನ್ನ ಕೊರಳಿಗೆ ಬಿತ್ತು.

ಬಾಟ್ಲಿ ಹಚ್ಚರಿ

ಭೂಸನೂರಿನ ಅಜ್ಜಿಯೊಬ್ಬರಿಗೆ, "ಯಮ್ಮಾ, ನಿಮಗ ಗ್ಲಾಕೋಮಾ ಇರಬಹುದು" ಎಂದೆ. ಅಜ್ಜಿ ಖುಷಿಯಿಂದ ತೋಳು ಚಾಚಿದರು.

"ಹಚ್ಚಿಬಿಡ್ರಿ, ಕೈಕಾಲಾಗ ತ್ರಾಣೇ ಇಲ್ಲ."

ಅದು ಗ್ಲೂಕೋಸ್ ಅಲ್ಲ, ಕಣ್ಣಿನ ಒತ್ತಡ ಎಂದು ತಿಳಿಸಿದೆ.

"ಒತ್ತಡ ಸೊಸಿ ಬಂದಾಗಿಂದ ಅದ ಬಿಡ್ರಿ."

ಹಿಂದೆ ನಿಂತಿದ್ದ ಸೊಸೆ ಮುಂದೆ ಬಂದಳು. "ಹಂಗಾರ ನಂದೂ ನೋಡ್ರಿ. ನಂಗೂ ಬಂದಾಗಿಂದೇ ಅದ!"

ಬೆಡಗು

"ನಿಮ್ಮ ಮೂಲ ಯಾವುದು?" ಎಂದರೆ ಒಬ್ಬರು, "ಮೂಲವ್ಯಾಧಿ ಈಗ ಕಡಿಮಿ ಅದರಿ" ಎಂದುಬಿಟ್ಟರು. ಈ ಕಡೆ ಗೋತ್ರಕ್ಕೆ ಬೆಡಗು ಎನ್ನುತ್ತಾರೆ; ಅಂದಿನಿಂದ ನಾನು ಬೆಡಗು ಯಾವುದೆಂದು ಕೇಳತೊಡಗಿದೆ.

ಕರಜಗಿಯಲ್ಲಿ ಹಾಗೆ ಕೇಳಿದ್ದೇ ತಡ, ಯಜಮಾನರು ಹೊರಸಿನ ಮೇಲೆ ಚಾದರ ಹಾಸಿದರು. ಒಳಗಿಂದ ಚಹಾ, ಮಂಡಕ್ಕಿಯ ಸುಸಲಾ ಬಂತು.

"ಹುಡುಗ ಏನು ಮಾಡ್ತಾನ್ರಿ?"

ಈ ಕಡೆ ಬೆಡಗು ಕೇಳುವುದು ಹೆಣ್ಣು ಕೇಳಲು ಬಂದವರು ಮಾತ್ರ ಎಂಬುದು ನನಗೆ ಆಗ ನೆನಪಾಯಿತು. ಹುಡುಗನಿಲ್ಲ, ಕಣ್ಣಿನ ಸಲುವಾಗಿ ಬಂದೇನಿ ಎಂದೆ.

ಅವರ ಮುಖ ಸಣ್ಣದಾಯಿತು. "ಹುಡುಗಂದು ಕಣ್ಣು ಖರಾಬ್ ಅದ ಏನ್ರಿ? ಮೊದಲೇ ಹೇಳಬೇಕಲ್ಲ!"

ಸುಸಲಾ ಬಂದ ದಾರಿಯಲ್ಲೇ ಒಳಗೆ ಹೋಯಿತು.

ಅಪ್ಪ ಬಿಟ್ಟುಹೋದದ್ದು

ನೆಲೋಗಿಯ ರೈತರೊಬ್ಬರ ಒಂದು ಕಣ್ಣು ಆಗಲೇ ಹೋಗಿತ್ತು. ಗ್ಲಾಕೋಮಾ ರಕ್ತಸಂಬಂಧಿಗಳಿಗೂ ಬರಬಹುದು, ಆದ್ದರಿಂದ ತಮ್ಮನ ಕಣ್ಣನ್ನೂ ತಡಮಾಡದೆ ನೋಡಬೇಕಿತ್ತು. ತಮ್ಮ ಪಕ್ಕದ ಮನೆಯಲ್ಲೇ ಇದ್ದ. ಆದರೆ ಹೊಲದ ಬದುವಿನ ಜಗಳದಿಂದ ಇಬ್ಬರಿಗೂ ಮಾತಿರಲಿಲ್ಲ.

ನಾನೇ ಹೋಗಿ ಕರೆದೆ. ತಮ್ಮ ಬಾಗಿಲು ಅರ್ಧ ತೆರೆದು, "ಅಣ್ಣ ಕಳಿಸ್ಯಾನೇನು? ನಂಗ ಎಲ್ಲಾ ಚಂದ ಕಾಣ್ತದ" ಎಂದು ಮುಚ್ಚಿಬಿಟ್ಟ. ನನಗೆ ಸಿಟ್ಟೂ ಬಂತು, ಸಂಕಟವೂ ಆಯಿತು. ಚಂದ ಕಾಣುತ್ತಿರುವಾಗಲೇ ಈ ರೋಗ ಒಳಗೊಳಗೆ ತಿನ್ನುತ್ತದೆ.

ವಾಪಸ್ಸು ಬಂದು ಅಣ್ಣನಿಗೆ ಹೇಳಿದೆ: "ಇದು ನಿಮ್ಮಪ್ಪನಿಂದ ಬಂದಿರಬಹುದ್ರಿ. ನಿಮ್ಮ ತಮ್ಮಗೂ ಇದ್ದರ ನಿಮ್ಮಂಗ ಕಣ್ಣು ಹೋಗ್ತದ."

ಅಣ್ಣ ಎದ್ದರು. ಅಂಗಳಕ್ಕೆ ಹೋಗಿ ಕೂಗಿದರು:

"ಲೇ! ಅಪ್ಪ ಬಿಟ್ಟುಹೋದದ್ದರಾಗ ಒಂದು ಪಾಲು ಹಂಚೋದು ಉಳಿದದ, ಬಾ!"

ತಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. ಬಂದವನನ್ನು ಕೂರಿಸಿ ಡಾಕ್ಟರು ಕಣ್ಣು ನೋಡಿದರು. ರೋಗ ಇತ್ತು, ಆದರೆ ಆರಂಭದಲ್ಲೇ ಸಿಕ್ಕಿತು. ದಿನಾ ತಪ್ಪದೆ ಕಣ್ಣಿಗೆ ಔಷಧಿಯ ಹನಿ ಹಾಕಿದರೆ ದೃಷ್ಟಿ ಉಳಿಯುತ್ತದೆ ಎಂದು ಅವರು ಹೇಳಿದಾಗ ನನಗೆ ಹೋದ ಜೀವ ಬಂದಂತಾಯಿತು. ಅಣ್ಣ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಡಾಕ್ಟರು ಇಬ್ಬರಿಗೂ ಅವರವರ ರೋಗಕ್ಕೆ ತಕ್ಕಂತೆ ಔಷಧಿ ಕೊಟ್ಟರು.

ತಮ್ಮ ಮಾತ್ರ ತನ್ನ ಕೈಯಲ್ಲಿದ್ದ ಔಷಧಿಯ ಬಾಟ್ಲಿ ನೋಡಿದ, ಅಣ್ಣನ ಕೈ ನೋಡಿದ.

"ಏನ್ರೀ ಡಾಕ್ಟರ್, ಅಣ್ಣಗ ಎರಡು ಬಾಟ್ಲಿ, ನಂಗ ಒಂದಾ? ಇಲ್ಲೂ ಅವನದೇ ನಡೀತದ ಏನು?"