ಒಂಬತ್ತು ಗಂಟೆಯ ಅಪ್ಪಣೆ

ಬೆಳಿಗ್ಗೆ ಒಂಬತ್ತಕ್ಕೆ ದರ್ಜಿ ತನ್ನ ಕಸೂತಿ ಯಂತ್ರದ ಗುಂಡಿ ಒತ್ತಿದ. ಪರದೆಯ ಮೇಲೆ ಎಂದಿನಂತೆ ‘ಮಾಲೀಕರ ಅನುಮತಿಗಾಗಿ ಕಾಯಿರಿ’ ಎಂದು ಬಂತು. ಕೆಳಗೆ ಒಬ್ಬ ಹೆಂಗಸಿನ ಹೆಸರು, ಫೋನ್ ನಂಬರು. ಹತ್ತಾದರೂ ಹಸಿರು ದೀಪ ಹತ್ತಲಿಲ್ಲ.

ಆ ಯಂತ್ರವನ್ನು ಅವನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಏಳು ತಿಂಗಳಾಗಿತ್ತು. ಹಳೇ ಒಡತಿ ಯಂತ್ರವನ್ನು ಬಿಟ್ಟರೂ ಯಂತ್ರ ಒಡತಿಯನ್ನು ಬಿಟ್ಟಿರಲಿಲ್ಲ. ಯಾರು ಗುಂಡಿ ಒತ್ತಿದರೂ ಅವಳ ಫೋನಿಗೆ ಸುದ್ದಿ ಹೋಗಬೇಕು, ಅಲ್ಲಿಂದ ‘ಆಗಲಿ’ ಎಂದು ಬರಬೇಕು, ಆಮೇಲೇ ಸೂಜಿ ಅಲುಗಬೇಕು. ಬೇರೆಯವರಾಗಿದ್ದರೆ ಮಾರನೆಯ ದಿನವೇ ಜಗಳ ತೆಗೆಯುತ್ತಿದ್ದರು. ಇವನು ತೆಗೆಯಲಿಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಇಬ್ಬರೂ ಒಂದೇ ಅಂಗಡಿಯಲ್ಲಿದ್ದರು. ಅವಳು ಕಸೂತಿ ಹಾಕುತ್ತಿದ್ದಳು, ಇವನು ಗುಂಡಿಯ ಕಾಜಾ ಹೊಲಿಯುತ್ತಿದ್ದ. ಹೇಳಬೇಕಾದ ಮಾತನ್ನು ಇವತ್ತು, ನಾಳೆ ಎಂದು ನುಂಗುತ್ತಿದ್ದಾಗಲೇ ಅವಳು ತನ್ನ ಲಗ್ನಪತ್ರಿಕೆ ತಂದುಕೊಟ್ಟಿದ್ದಳು. ಈಗ ದಿನಾ ಇವನು ಕೇಳುತ್ತಾನೆ, ಅವಳು ಆಗಲಿ ಎನ್ನುತ್ತಾಳೆ. ಅಷ್ಟಕ್ಕೇ ಅವನು ಗಡ್ಡ ಹೆರೆದುಕೊಂಡು, ಇಸ್ತ್ರಿ ಅಂಗಿ ತೊಟ್ಟು ಅಂಗಡಿಗೆ ಬರುತ್ತಿದ್ದ.

‘ಅವಳಿಗೆ ಹುಷಾರಿಲ್ಲವೋ ಏನೋ’ ಎಂದು ಅವನು ಒಳಗೇ ಬೇಯುತ್ತಿರುವಾಗ ಶಾಲೆಯ ಹೆಡ್‌ಮೇಡಂ ಬಂದರು.

“ಅರವತ್ತು ಲಾಂಛನ ಆಯ್ತಾ? ನಾಲ್ಕು ಗಂಟೆಗೆ ಮಕ್ಕಳು ವೇದಿಕೆ ಹತ್ತಬೇಕು!”

“ಅನುಮತಿ ಬಂದಿಲ್ಲ ಮೇಡಂ...”

ಪಕ್ಕದಂಗಡಿಯ ಕ್ಷೌರಿಕನ ಕಿವಿ ನೆಟ್ಟಗಾಯಿತು. ಗಿರಾಕಿಯ ಅರ್ಧ ಮೀಸೆಯನ್ನು ಹಾಗೇ ಬಿಟ್ಟು ಓಡಿಬಂದ. “ಯಾರ ಅನುಮತಿಯೋ? ಯಂತ್ರ ನಿಂದು, ಬೆವರು ನಿಂದು. ಸ್ವಂತ ಮನೆಗೆ ಹೋಗೋಕೆ ಹಳೇ ಬಾಡಿಗೆದಾರನ್ನ ಕೇಳ್ತಾರೇನೋ?”

ಎದುರಿನ ಮೊಬೈಲ್ ರಿಪೇರಿಯವನೂ ಸ್ಕ್ರೂಡ್ರೈವರ್ ಹಿಡಿದು ಬಂದ. “ಸರಿ ಅಣ್ಣ, ಐದೇ ನಿಮಿಷ. ಬೀಗ ಒಡೆದುಬಿಡ್ತೀನಿ.”

“ಬೇಡಪ್ಪಾ!” ದರ್ಜಿ ಯಂತ್ರಕ್ಕೆ ಅಡ್ಡ ನಿಂತ. ರಿಪೇರಿಯವನು ಆ ಕಡೆಯಿಂದ ನುಸುಳಿ ಹಿಂಬದಿ ಬಿಚ್ಚಿಯೇಬಿಟ್ಟ. ಯಂತ್ರ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕಿರುಚಿತು. ಬೀದಿಯೇ ಬಾಗಿಲಲ್ಲಿ ನೆರೆಯಿತು, ಅರ್ಧ ಮೀಸೆಯ ಗಿರಾಕಿಯೂ ಸೇರಿ.

ಹೆಡ್‌ಮೇಡಂ ಕಂಪನಿಗೇ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಆ ಕಡೆಯ ಹುಡುಗಿ ವಿನಯವಾಗಿ ಹೇಳಿದಳು: “ಯಂತ್ರ ಅವರದೇ ಮೇಡಂ. ಅದರೊಳಗಿನ ಬುದ್ಧಿ ಮಾತ್ರ ಅವರದಲ್ಲ. ಹಳೇ ಮಾಲೀಕರು ತಮ್ಮ ಹೆಸರು ತೆಗೀಬೇಕು.”

“ಬುದ್ಧಿ ಇವನದಲ್ಲ ಅಂತ ನಾನು ಯಾವತ್ತೋ ಹೇಳಿದ್ದೆ” ಎಂದ ಕ್ಷೌರಿಕ.

“ಮತ್ತೆ ಇಷ್ಟು ದಿನ ಅವರಿಗೆ ಯಾಕ್ರೀ ಫೋನ್ ಮಾಡಿಲ್ಲ?” ಹೆಡ್‌ಮೇಡಂ ಕಣ್ಣು ಕಿರಿದು ಮಾಡಿದರು.

ದರ್ಜಿಯ ಕಿವಿ ಕೆಂಪಾಯಿತು. ಆ ನಂಬರು ಅವನಿಗೆ ಮಗ್ಗಿಯಂತೆ ಬಾಯಿಪಾಠ. “ಅವರಿಗೆ ತೊಂದರೆ ಯಾಕೆ ಅಂತ...”

ಅಷ್ಟರಲ್ಲಿ ಕ್ಷೌರಿಕ ಪರದೆ ನೋಡಿ ನಂಬರು ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ಫೋನನ್ನು ದರ್ಜಿಯ ಬಾಯಿಗೆ ಹಿಡಿದ. ದರ್ಜಿ ಕಾಲರು ಸರಿಮಾಡಿಕೊಂಡ.

“ಯಾರು?” ಗಂಡಸಿನ ದನಿ.

“ನಾನು... ಕಸೂತಿ ಯಂತ್ರದ...”

“ಓಹೋ, ಒಂಬತ್ತು ಗಂಟೆಯವರು! ಇವತ್ತು ಹಲ್ಲು ಕೀಳಿಸ್ಕೊಳ್ಳೋಕೆ ಬಂದಿದ್ದೀನಿ, ಒತ್ತೋದು ಮರೆತೋಯ್ತು.”

“ದಿನಾ ಒತ್ತಿದ್ದು... ನಿಮ್ಮ ಮನೆಯವರಲ್ವಾ?”

“ಅವಳಾ? ಅವಳಿಗೆ ಈ ವಿಷಯಾನೇ ಗೊತ್ತಿಲ್ಲ. ಅವಳ ಅಂಗಡಿ ಮುಚ್ಚಿದಾಗಿಂದ ಈ ಫೋನ್ ನಂದೇ. ಒಂಬತ್ತಕ್ಕೆ ಗುಂಯ್ ಅನ್ನುತ್ತೆ, ಹಾಸಿಗೇಲೇ ಒಂದ್ಸಲ ಒತ್ತಿ ಮಗ್ಗುಲು ಬದಲಾಯಿಸ್ತೀನಿ.”

ಹೆಡ್‌ಮೇಡಂ ಬಾಗಿ ಹೇಳಿದರು: “ದಯವಿಟ್ಟು ಹೆಸರೇ ತೆಗೆದುಬಿಡಿ ಸಾರ್.”

“ಬೇಡ, ತಡೀರಿ...” ಎಂದ ದರ್ಜಿ.

ಅಷ್ಟರಲ್ಲಿ ಪರದೆಯಿಂದ ಅವಳ ಹೆಸರು ಅಳಿಸಿಹೋಯಿತು. ‘ಇನ್ನು ಈ ಯಂತ್ರ ಸಂಪೂರ್ಣ ನಿಮ್ಮದು’ ಎಂದು ಬಂತು. ಬಾಗಿಲಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

“ಮತ್ತೆ ಹಾಕೋಕೆ ಬರುತ್ತಾ?” ದರ್ಜಿ ಮೆಲ್ಲಗೆ ಕೇಳಿದ.

“ಇಲ್ಲ ಬಿಡಿ, ಇನ್ನು ನಿಮಗೆ ಆ ಕಾಟ ಇಲ್ಲ” ಎಂದಿತು ಆ ದನಿ, ಬಲು ಹಗುರಾಗಿ. “ನಾಳೆಯಿಂದ ನಾನೂ ಹತ್ತರವರೆಗೆ ನೆಮ್ಮದಿಯಾಗಿ ಮಲಗ್ತೀನಿ.”