ಹತ್ತು ಗಂಟೆಗೆ ಭೂಕಂಪ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಬಿಳಿ ಅಂಗಿ.

ಮೂವತ್ತು ವರ್ಷ ಭೂಕಂಪದ ಸಂಶೋಧನೆ ಮಾಡಿ, ನಿವೃತ್ತರಾಗಿ ಮಾಗಡಿಗೆ ಬಂದ ನಂಜುಂಡಯ್ಯನವರ ಮಾತು ಕೇಳುವವರೇ ಊರಲ್ಲಿರಲಿಲ್ಲ. ಅವರು ಬಾಯಿ ತೆರೆದರೆ ಹೆಂಡತಿ ವರಲಕ್ಷ್ಮಮ್ಮ ಮಿಕ್ಸಿ ಹಾಕುತ್ತಿದ್ದರು. ಅಂಥವರನ್ನು ಕಾಲೇಜಿನವರು ಕರೆದಿದ್ದರು, ಸಂಶೋಧನೆಗೆ ಹೊರಟ ಹುಡುಗರಿಗೆ ಅನುಭವದ ನಾಲ್ಕು ಮಾತು ಹೇಳಿ ಎಂದು. ಒಮ್ಮೆಯಾದರೂ ಯಾರಾದರೂ ತಮ್ಮ ಮಾತು ನಂಬಬೇಕು, ಪಾಪ, ಅವರಿಗೆ ಬೇಕಿದ್ದದ್ದು ಅಷ್ಟೇ.

ಬೆಳಿಗ್ಗೆ ಇಸ್ತ್ರಿ ಗಫಾರನಿಗೆ, "ಬೇಗ ಉಜ್ಜಪ್ಪ, ಹತ್ತು ಗಂಟೆಗೆ ಕಾಲೇಜಲ್ಲಿ ಭೂಕಂಪ," ಎಂದರು. ಮೇಷ್ಟ್ರುಗಳು 'ಹತ್ತಕ್ಕೆ ಗಣಿತ' ಅನ್ನುವುದಿಲ್ಲವೇ, ಹಾಗೆ.

ಗಫಾರನ ಕೈ ನಿಂತಿತು. "ಎಷ್ಟೊತ್ತು ಇರ್ತದೆ ಸಾ?"

"ಒಂದು ಗಂಟೆ. ಮಧ್ಯೆ ಟೀ, ವಡೆ ಕೊಡ್ತಾರಂತೆ."

"ಅಯ್ಯೋ! ಹುಡುಗ್ರು ತಡ್ಕತಾವಾ?"

"ನಿದ್ದೆ ಮಾಡದಿದ್ರೆ ಸಾಕು."

ಅಂಗಿಯ ಬೆನ್ನು ಸುಟ್ಟಿತು. ಅದನ್ನೇ ತೊಟ್ಟು ಅವರು ನಡೆದು ತಲುಪುವಷ್ಟರಲ್ಲಿ ಸುದ್ದಿ ಆಟೋ ಹತ್ತಿ ಹೋಗಿಯಾಗಿತ್ತು. ಸಭಾಂಗಣದಲ್ಲಿ ವಡೆಯ ತಟ್ಟೆಗಳು ಬಿಟ್ಟರೆ ನರಪಿಳ್ಳೆಯಿಲ್ಲ. ಊರೆಲ್ಲ ಆಟದ ಮೈದಾನದಲ್ಲಿತ್ತು. ಮಿಕ್ಸಿ ತಬ್ಬಿಕೊಂಡು ವರಲಕ್ಷ್ಮಮ್ಮನೂ ಇದ್ದರು.

"ಗಂಟೆ ಸಮೇತ ಹೇಳಿದ್ದೀರಂತೆ ಸಾರ್!" ಪ್ರಿನ್ಸಿಪಾಲ್ ರಾಮಲಿಂಗಯ್ಯ ಮೈಕು ಕೊಟ್ಟರು.

ನಂಜುಂಡಯ್ಯ ಬೆಂಚು ಹತ್ತಿದರು. "ಮಕ್ಕಳೇ, ನಾನು ಕಲಿತ ಪಾಠ ಒಂದೇ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ನಾಚಬೇಡಿ. ಭೂಕಂಪ ಯಾವಾಗ ಆಗುತ್ತೆ? ನನಗೆ ಗೊತ್ತಿಲ್ಲ!"

ದಡದಡ! ವಡೆಯ ವಾಸನೆಗೆ ಬಂದ ಕೋತಿಗಳ ಹಿಂಡು ಸಭಾಂಗಣದ ಮೇಲೆ ಹಾರಿ, ಗೆದ್ದಲು ತಿಂದ ಹೆಂಚಿನ ಸೂರು ಕುಸಿದು ಬಿತ್ತು.

"ಕೋತಿ ಕಣ್ರಪ್ಪಾ, ಕೋತಿ!" ನಂಜುಂಡಯ್ಯ ಬಾಯಿ ಬಡಿದುಕೊಂಡರು.

"ಊ ಸಾ, ಪ್ರಾಣಿಗಳ್ಗೆ ಮುಂಚೇನೇ ಗೊತ್ತಾಯ್ತದೆ," ಗಫಾರ ಕೈಮುಗಿದ.

ಸಂಜೆ ಅವರ ಮನೆ ಮುಂದೆ ಜನವೋ ಜನ. ಎದುರು ಮನೆಯ ಮುನಿರತ್ನಮ್ಮ ಕೇಳಿದಳು, "ನಮ್ ಮಗಳ ಹೆರಿಗೆ ಯಾವಾಗ ಆಯ್ತದೆ ಸಾಮಿ?"

"ನನಗೆ ಗೊತ್ತಿಲ್ಲ ತಾಯಿ!"

"ಬೆಳಿಗ್ಗೇನೂ ಇಂಗೇ ಅಂದ್ರಿ. ಅಂದೇಟ್ಗೇ ಸೂರು ಬಿತ್ತಲ್ಲ!" ಅವಳು ಆಟೋ ಕರೆಯಲು ಓಡಿದಳು.

ಸೋತು ಒಳಗೆ ಬಂದರೆ, ಮದುವೆಯಾದಾಗಿನಿಂದ ಮಾತು ಕೇಳದ ಹೆಂಡತಿ ಮಿಕ್ಸಿ ನಿಲ್ಲಿಸಿ ಕಿವಿಗೊಟ್ಟು ನಿಂತಿದ್ದರು. "ರೀ, ಮುಂದಿನ ಭೂಕಂಪ ಯಾವಾಗ? ನನಗಾದ್ರೂ ನಿಜ ಹೇಳಿ."

"ನಿಜವಾಗ್ಲೂ ಗೊತ್ತಿಲ್ಲ ಕಣೇ!"

ಅಂದದ್ದೇ ತಡ, ವರಲಕ್ಷ್ಮಮ್ಮ ಮಿಕ್ಸಿ ಎತ್ತಿಕೊಂಡು ಬೀದಿಗೆ ಓಡಿದರು. ಹಿಂದೆಯೇ ಬೀದಿಯೂ ಓಡಿತು.