ಅರ್ಧ ಬಾಗಿಲು, ಮೂರನೇ ಒಂದು ಕಿಟಕಿ

ಗಣಿತದಲ್ಲಿ ನನ್ನನ್ನು ಮೀರಿಸುವ ಮೇಷ್ಟ್ರು ಇನ್ನೂ ಹುಟ್ಟಿಲ್ಲ! ಇಪ್ಪತ್ತು ವರ್ಷ ಹೈಸ್ಕೂಲಿನಲ್ಲಿ ಸೀಮೆಸುಣ್ಣ ಸವೆಸಿದ್ದೇನೆ, ಸುಮ್ಮನೆಯೇ? ಅಂಥವನ ಮಗಳು ಐದನೇ ಕ್ಲಾಸಿನ ಭಿನ್ನರಾಶಿಯಲ್ಲಿ ಫೇಲು! ನಾಳೆ ಮರುಪರೀಕ್ಷೆ. ಅದರಲ್ಲೂ ಬಿದ್ದರೆ ಗೆಳತಿಯರನ್ನೆಲ್ಲ ಬಿಟ್ಟು ಬೇರೆ ಸೆಕ್ಷನ್ನಿಗೆ ಹೋಗಬೇಕು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು.

"ಅರ್ಧ ಗಂಟೆ ಸಾಕು, ಅರೆದು ಕುಡಿಸಿಬಿಡ್ತೀನಿ!" ಎಂದೆ ಹೆಂಡತಿಗೆ.

"ಏನಾದ್ರೂ ಕುಡಿಸಿ, ಮಗೂನ ಮಾತ್ರ ಅಳಿಸ್ಬೇಡಿ," ಎಂದು ಅವಳು ತರಕಾರಿಗೆ ಹೊರಟಳು.

ಮಗಳು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ "ಐದರಲ್ಲಿ ಎರಡು" ಎಂದು ಬರೆದಿದ್ದಳು.

"ಯಾವ ಮಹಾಪಂಡಿತರು ಹೇಳ್ಕೊಟ್ರೇ ಇದನ್ನ?"

"ಟೀಚರ್ರೇ! ಸೋಮವಾರ ಎರಡು ಪ್ರಶ್ನೆ ಕೇಳಿದ್ರು, ಒಂದು ಸರಿ. ಮಂಗಳವಾರ ಮೂರು ಕೇಳಿದ್ರು, ಒಂದು ಸರಿ. ಒಟ್ಟು ಐದಕ್ಕೆ ಎರಡು ಅಂತ ಅವ್ರೇ ಹಾಕಿದ್ದಾರೆ, ನೋಡಪ್ಪ!"

ಇಂಥ ಉತ್ತರಕ್ಕೆ ಸಾವಿರ ಸಲ ಕೆಂಪು ಗೀಟು ಎಳೆದಿದ್ದೇನೆ. ಯಾಕೆ ಹೀಗೆ ಬರೆದೆ ಮಗು ಎಂದು ಒಮ್ಮೆಯೂ ಕೇಳಿದವನಲ್ಲ. ಪಾಪ, ಆ ಮಕ್ಕಳು!

ಆದರೆ ಸೋಲೊಪ್ಪುವುದುಂಟೆ? ಕತ್ತರಿ ಹಿಡಿದೆ! ಹೆಂಡತಿ ಹೋದ ವಾರವಷ್ಟೇ ಹೊಲಿದು ಹಾಕಿದ್ದ ಪರದೆಗಳು. ಆಮೇಲೆ ಜೋಡಿಸಿ ಹೊಲಿದರಾಯಿತು ಎಂದು ಬಾಗಿಲಿನ ಆರಡಿ ಪರದೆಯಲ್ಲಿ ಅರ್ಧ, ಕಿಟಕಿಯ ಮೂರಡಿ ಪರದೆಯಲ್ಲಿ ಮೂರನೇ ಒಂದು, ಕಚಕ್ ಕಚಕ್!

"ಎರಡೂ ಸೇರಿದ್ರೆ ಆರರಲ್ಲಿ ಐದು ಭಾಗ. ಆರಡಿಗೆ ಐದಡಿ. ಅಳತೆ ಮಾಡು!"

"ನಾಲ್ಕೇ ಅಡಿ, ಅಪ್ಪ."

"ಟೇಪೇ ಸರಿಯಿಲ್ಲ!" ಸ್ಕೇಲಿಟ್ಟು ಅಳೆದೆ. ಗೇಣು ಹಾಕಿದೆ. ಜಗ್ಗಿಯೂ ನೋಡಿದೆ. ನಾಲ್ಕೇ! ಬೆವರು ಕಿತ್ತುಕೊಂಡು ಬಂತು.

ಮಗಳು ಮೆಲ್ಲಗೆ ನನ್ನ ತೋಳು ಹಿಡಿದಳು. "ಅಪ್ಪಾ, ಬೇಜಾರು ಮಾಡ್ಕೋಬೇಡ. ಮೂರನೇ ಒಂದನ್ನ ನೀನು ಚಿಕ್ಕ ಪರದೆಯಿಂದ ಕತ್ತರಿಸಿದೆ. ದೊಡ್ಡದರಿಂದಲೇ ತಗೊಂಡಿದ್ರೆ ಎರಡಡಿ ಸಿಗ್ತಿತ್ತು." ಥಟ್ಟನೆ ಅವಳ ಕಣ್ಣರಳಿತು. "ಅಯ್ಯೋ, ನಾನು ಮಾಡಿದ್ದೂ ಇದೇ! ಎರಡು ಪ್ರಶ್ನೆ ಟೆಸ್ಟ್ ಬೇರೆ, ಮೂರು ಪ್ರಶ್ನೇದು ಬೇರೆ. ಭಾಗ ಕೂಡಿಸೋವಾಗ ಎರಡೂ ಒಂದೇ ಪರದೇದು ಆಗಿರ್ಬೇಕು!"

ಅಷ್ಟರಲ್ಲಿ ಹೆಂಡತಿ ಬಂದಳು. ಅರ್ಧಕ್ಕೇ ತುಂಡಾಗಿ ನೇತಾಡುತ್ತಿದ್ದ ಬಾಗಿಲಿನ ಪರದೆ ನೋಡಿದಳು, ನಗುತ್ತಿದ್ದ ಮಗಳನ್ನು ನೋಡಿದಳು. ಬೈಯದೆ ಕತ್ತರಿಯನ್ನು ಎತ್ತಿ ಮೇಜಿನ ಮೇಲಿಟ್ಟಳು. ಅದೇ ನನಗೆ ಭಯ!

ಮರುದಿನ ಮಗಳು ಓಡಿ ಬಂದಳು. "ಹತ್ತಕ್ಕೆ ಒಂಬತ್ತು! ಅದೇ ಸೆಕ್ಷನ್ನು! ಮುಂದಿನ ವಾರ ಭಾಗಾಕಾರ ಅಂತೆ!"

"ನಾನಿಲ್ವೇನೇ ಹೇಳ್ಕೊಡೋಕೆ?" ಎದೆಯುಬ್ಬಿಸಿದೆ.

"ಧಾರಾಳವಾಗಿ ಹೇಳ್ಕೊಡಿ," ಎಂದಳು ಹೆಂಡತಿ. "ಕತ್ತರಿ ಮೇಜಿನ ಮೇಲಿದೆ. ಪಕ್ಕದಲ್ಲೇ ನಿಮ್ಮ ಹೊಸ ಪ್ಯಾಂಟೂ ಮಡಚಿಟ್ಟಿದ್ದೀನಿ."